ಎರಡನೇ ರಿಮೋಟು

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಯಾರನ್ನಾದರೂ ಕೇಳಬೇಕಿತ್ತು. ಯಾರೂ ಸಿಗಲಿಲ್ಲ. ಹಾಗಾಗಿ ಮೂರು ಸಲ ತಪ್ಪಾಗಿ ಶುರು ಮಾಡಿದೆ.

ಮೊದಲನೆಯ ಸಲ ಊರಿನಿಂದ: "ಕನ್ನಡವೂ ತೆಲುಗೂ ಒಂದೇ ಬಾಯಲ್ಲಿ ಓಡಾಡುವ ಹಿಂದೂಪುರದಲ್ಲಿ…" ಬರೆದವಳಿಗೇ ಆಕಳಿಕೆ ಬಂತು. ಹರಿದು ಹಾಕಿದೆ. ಎರಡನೆಯ ಸಲ ರೇಷ್ಮೆ ನೂಲು ತೆಗೆಯುವ ಶೆಡ್ಡಿನಿಂದ, ಅಲ್ಲಿನ ಬಿಸಿನೀರಿನಲ್ಲಿ ಬೆಂದುಹೋದ ಒಬ್ಬ ಹೆಂಗಸಿನ ಬೆರಳುಗಳಿಂದ ಶುರು ಮಾಡಿದೆ. ಅರ್ಧ ಪುಟ ದಾಟುವಷ್ಟರಲ್ಲಿ ಆ ಹೆಂಗಸೇ ಎದ್ದು ಬಂದು ತಗಾದೆ ತೆಗೆದಳು.

"ಏನಕ್ಕ ಇದು? ನನ್ ಬೆರಳು ಬೆಂದಿದ್ದನ್ನೇ ನಾಕು ಸಲ ಬರ್ದಿದ್ದೀಯ. ಕಥೆ ಬೆರಳಿಂದಾ, ನಂದಾ?"

"ಓದೋರಿಗೆ ನಿಮ್ಮ ಕಷ್ಟ ಗೊತ್ತಾಗಬೇಕಲ್ಲ, ಉಡುಸಲಮ್ಮ."

"ಕಷ್ಟ ಅವ್ರಿಗೂ ಇರ್ತೈತೆ. ನೀನು ಆಟದ ವಿಷ್ಯ ಬರಿ. ಐದು ವಿಡಿಯೋ ಗೇಮ್ ಆಡಿದ್ದೀನಿ. ಒಂದೊಂದ್ರ ಮೇಲೂ ನಂದು ಅಂತ ಒಂದು ಮಾತೈತೆ. ಇವತ್ತಿನಗಂಟ ಯಾರೂ ಕೇಳಿಲ್ಲ."

ಮೂರನೆಯ ಶುರು ಎಷ್ಟು ಕೆಟ್ಟದಾಗಿತ್ತೆಂದರೆ ಅದರ ಬಗ್ಗೆ ಹೇಳುವುದೇ ಇಲ್ಲ. ಕೊನೆಗೆ ಒಂದು ಮಾತಿನಿಂದಲೇ ಶುರು ಮಾಡುತ್ತಿದ್ದೇನೆ. ಎರಡು ಸಾವಿರದ ಇಸವಿಯಲ್ಲಿ ಉಡುಸಲಮ್ಮ ತನ್ನ ಆರು ವರ್ಷದ ಮಗಳು ತ್ರಿವೇಣಿಯ ಅಂಗೈ ಮೇಲೆ ಒದ್ದೆ ಕೈ ಇಟ್ಟು ಕೊಟ್ಟ ಮಾತು:

"ಕಲ್ತು, ಕೊನೇಗಂಟ ನಿನ್ ಜೊತೇಲೇ ಆಡ್ತೀನಿ ಕಣಮ್ಮ. ಆಣೆಗೂ."

(ಇದು ಕಥೆಯೋ ವಿಡಿಯೋ ಗೇಮಿನ ವಿಮರ್ಶೆಯೋ ಎಂದು ನೀವು ಕೇಳಿದರೆ ನಾನು ಅವಳ ಕಡೆ ಕೈ ತೋರಿಸುತ್ತೇನೆ.)

೧

ಉಡುಸಲಮ್ಮನ ಗಂಡ ಓಬುಳೇಶನಿಗೆ ಟೆಂಪೋ ಓಡಿಸುವ ಕೆಲಸ. ಪರಿಗಿ, ಚಿಲಮತ್ತೂರು ಕಡೆಯ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಹಿಂದೂಪುರದ ಮಾರುಕಟ್ಟೆಗೆ ತಂದು ಹಾಕುತ್ತಿದ್ದ. ಒಂದು ದಿನ ಗೂಡಿನ ಬದಲು ಒಂದು ಡಬ್ಬ ತಂದ. ಟೀವಿಗೆ ಸಿಕ್ಕಿಸಿ ಆಡುವ ಗೇಮು. ಒಳಗೆ ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಬರೆದಿತ್ತು. ತ್ರಿವೇಣಿ ಒಂದು ಭಾನುವಾರವೆಲ್ಲ ಕೂತು ಪರೀಕ್ಷೆ ಮಾಡಿದಳು. ಇದ್ದದ್ದು ಏಳು. ಆ ಏಳನ್ನೇ ಹೆಸರು ಬದಲಿಸಿ ಬದಲಿಸಿ ತುಂಬಿದ್ದರು.

ಏಳರಲ್ಲಿ ಅವಳಿಗೆ ಹಿಡಿಸಿದ್ದು ಇಬ್ಬರು ಸಿಪಾಯಿಗಳ ಆಟ. ಅಂಗಿ ಹಾಕದ ಇಬ್ಬರು, ಒಬ್ಬನ ಪ್ಯಾಂಟು ನೀಲಿ, ಇನ್ನೊಬ್ಬನದು ಕೆಂಪು. ಕಾಡು, ಕೋಟೆ, ಜಲಪಾತ, ಹಿಮ ದಾಟಿ ಎಂಟು ಸ್ಟೇಜು ಹೋಗಬೇಕು. ಒಬ್ಬೊಬ್ಬನಿಗೆ ಮೂರು ಜೀವ. ಒಬ್ಬಳೇ ಆಡಬಹುದಿತ್ತು. ತ್ರಿವೇಣಿ ಮಾತ್ರ ಯಾವಾಗಲೂ ಇಬ್ಬರದ್ದನ್ನೇ ಹಾಕುತ್ತಿದ್ದಳು. ಎರಡನೇ ರಿಮೋಟನ್ನು ಪ್ಲಾಸ್ಟಿಕ್ ಕವರಿನ ಸಮೇತ ಚಾಪೆಯ ಮೇಲೆ ಪಕ್ಕದಲ್ಲೇ ಇಟ್ಟುಕೊಂಡು, "ಇದು ಅಮ್ಮಂದು" ಅನ್ನುತ್ತಿದ್ದಳು. ಹಿಡಿಯುವವರಿಲ್ಲದ ಕೆಂಪು ಸಿಪಾಯಿ ನಿಂತಲ್ಲೇ ಗುಂಡು ತಿಂದು ಬೀಳುತ್ತಿದ್ದ.

"ಅಮ್ಮಾ, ನಿನ್ನೋನು ಸತ್ತೋದ!" ಎಂದು ಅಡುಗೆಮನೆಯ ಕಡೆಗೆ ಕೂಗುತ್ತಿದ್ದಳು.

"ಸಾಯ್ಲಿ ಬಿಡು, ನಾಳೆ ಎದ್ದೇಳ್ತಾನೆ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಸ್ವಲ್ಪ ದೊಡ್ಡವಳಾದ ಮೇಲೆ ತ್ರಿವೇಣಿ ಉಪಾಯ ಕಂಡುಕೊಂಡಳು. ಕೈಯಲ್ಲಿ ತನ್ನ ರಿಮೋಟು, ಕಾಲಿನ ಹೆಬ್ಬೆರಳ ಕೆಳಗೆ ಅಮ್ಮನ ರಿಮೋಟು. ಕವರಿನ ಮೇಲಿಂದಲೇ ಬಟನ್ ಒತ್ತಿ ಕೆಂಪು ಸಿಪಾಯಿಯನ್ನು ಒಂದಿಷ್ಟು ದೂರ ಎಳೆದುಕೊಂಡು ಹೋಗುತ್ತಿದ್ದಳು.

(ಈ ಹೆಬ್ಬೆರಳಿನ ವಿಷಯ ಬರೆಯುವಾಗ ಉಡುಸಲಮ್ಮ ಪಕ್ಕದಲ್ಲೇ ಇದ್ದಳು. ಬೆರಳಿನ ಬಗ್ಗೆ ಬರೆಯಬೇಡ ಎಂದವಳು ಇದನ್ನು ಹೊಡೆದು ಹಾಕು ಎನ್ನಲಿಲ್ಲ.)

೨

ಆರು ವರ್ಷ ಬಿಟ್ಟುಬಿಡೋಣ. ಉಡುಸಲಮ್ಮನೂ ಹೀಗೇ ಬಿಟ್ಟದ್ದು. ಇವತ್ತು ಬತ್ತೀನಿ, ಈ ಪಾತ್ರೆ ತೊಳ್ದು ಬತ್ತೀನಿ, ಭಾನುವಾರ ಬತ್ತೀನಿ.

ತ್ರಿವೇಣಿಗೆ ಕಲ್ಯಾಣದುರ್ಗದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತು. ಆರನೇ ಕ್ಲಾಸಿಗೆ ಹೋದಳು. ಎರಡು ಸಾವಿರದ ಆರರ ಶ್ರಾವಣದಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ, ಕಾಯಿನ್ ಬೂತಿನಿಂದ ಅಪ್ಪನ ಮೊಬೈಲಿಗೆ ಫೋನು ಮಾಡಿದಳು. ಓಬುಳೇಶ ಹೆಂಡತಿಗೆ ಕೊಟ್ಟ.

"ಅಮ್ಮಾ, ದಸರಾಕ್ಕೆ ಬತ್ತೀನಿ. ಟೀವಿ ಗೇಮ್ ಐತಾ?"

"ಐತೆ ಕಣಮ್ಮ. ಎಲ್ಲೋಯ್ತೈತೆ?"

"ನೀನು ಕಲ್ತ್ಯಾ?"

"ಕಲೀತಾ ಇದ್ದೀನಿ."

ಸುಳ್ಳು. ಗೇಮು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಆ ಕಡೆ ಇನ್ನೊಂದು ಕಾಯಿನ್ ಬಿದ್ದ ಸದ್ದಾಯಿತು. ಆಮೇಲೆ, "ನಮ್ ರೂಮಲ್ಲಿ ಎಲ್ರಿಗೂ ಹೇಳಿದ್ದೀನಿ, ನಮ್ಮಮ್ಮ ನಂಜೊತೆ ಆಡ್ತಾಳೆ ಅಂತ," ಅಂದಳು. ಲೈನು ಕಟ್ಟಾಯಿತು.

ಓದುಗರೇ, ಈ ಕಥೆಯಲ್ಲಿ ಪಣಕ್ಕಿರುವುದು ಇಷ್ಟೇ. ಯಾರೂ ಸಾಯುವುದಿಲ್ಲ, ಸಿಪಾಯಿಗಳನ್ನು ಬಿಟ್ಟು. ಇಷ್ಟು ಸಣ್ಣದಕ್ಕೆ ಕಥೆ ಯಾಕೆ ಅನ್ನುವವರು ಇಲ್ಲೇ ಇಳಿದುಕೊಳ್ಳಬಹುದು.

೩

ಗೇಮಿನ ಅಡಾಪ್ಟರ್ ಸುಟ್ಟುಹೋಗಿತ್ತು. ಉಡುಸಲಮ್ಮ ಅದನ್ನು ಹಳೇ ಚೂಡಿದಾರದ ವೇಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿದ್ದ ಕದಿರಣ್ಣನ ವಿಡಿಯೋ ಗೇಮ್ ಅಂಗಡಿಗೆ ಹೋದಳು. ಮೂರು ಟೀವಿ, ನಾಲ್ಕು ಸ್ಟೂಲು, ಗಂಟೆಗಿಷ್ಟು ಎಂದು ಕೊಟ್ಟು ಆಡುವ ಹೈಸ್ಕೂಲು ಹುಡುಗರು. ಬಾಗಿಲಲ್ಲಿ ಸೀರೆ ಕಂಡದ್ದೇ ಇಬ್ಬರು ಹುಡುಗರು ಹಿಂದಿನ ಬಾಗಿಲಿಂದ ಮಾಯ.

"ಏಮಕ್ಕಾ, ಪಿಲ್ಲೋನ್ನಿ ವೆತುಕ್ಕುಂಟಾ ವಚ್ಚಿನಾವಾ?" ಎಂದ ಕದಿರಣ್ಣ.

"ಯಾವ ಹುಡುಗನ್ನೂ ಹುಡುಕ್ಕಂಡ್ ಬಂದಿಲ್ಲ ಕಣಣ್ಣ. ಇದನ್ನ ರಿಪೇರಿ ಮಾಡು. ಆಗೋಗಂಟ ನಂಗೆ ಆಡಕ್ಕೆ ಕಲಿಸು."

ಕದಿರಣ್ಣ ನಕ್ಕ. ಅವಳು ನಗಲಿಲ್ಲ. ಅವನು ಸ್ಟೂಲು ಒರೆಸಿ ಕೊಟ್ಟ.

ಹೀಗೆ ಶೆಡ್ಡಿನ ಕೆಲಸ ಬಿಟ್ಟ ಮೇಲೆ ವಾರಕ್ಕೆ ಮೂರು ಸಂಜೆ ಉಡುಸಲಮ್ಮ ಆಡಿದಳು. ಅವಳ ಅಭಿಪ್ರಾಯಗಳನ್ನು ತಿದ್ದದೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ.

ಇಟ್ಟಿಗೆ ಬೀಳುವ ಆಟದ ಮೇಲೆ: "ಸಾಲು ತುಂಬಿದ್ರೆ ಮಾಯ ಆಯ್ತೈತೆ. ಚೆನ್ನಾಗ್ ಆಡಿದ್ರೆ ಇನ್ನೂ ಜೋರಾಗಿ ಬೀಳ್ತೈತೆ. ಇದ್ರಲ್ಲಿ ಗೆಲ್ಲೋದು ಯಾವಾಗ ಕದಿರಣ್ಣ?"

"ಗೆಲ್ಲೋದಿಲ್ಲಕ್ಕ ಇದ್ರಲ್ಲಿ. ಸೋಲೋದನ್ನ ಲೇಟ್ ಮಾಡೋದು."

"ಅದನ್ನ ನಾನು ಬೆಳಿಗ್ಗೆ ಎಂಟರಿಂದ ಮಾಡ್ಕಂಡ್ ಬಂದಿದ್ದೀನಿ. ಇಲ್ಲೂ ಮಾಡ್ಲಾ?"

(ಇಲ್ಲಿ ನಾನು ಮೂಗು ತೂರಿಸಲೇಬೇಕು. ನೂಲು ತೆಗೆಯುವ ಕೆಲಸ ನೋಡದವರಿಗೆ: ಬಿಸಿನೀರಿನ ಬೇಸಿನ್ನಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಎಂಟು ಗೂಡಿನ ಎಳೆ ಸೇರಿ ಒಂದು ನೂಲಾಗಿ ಮೇಲೆ ತಿರುಗುವ ಚಕ್ರಕ್ಕೆ ಹೋಗುತ್ತದೆ. ಒಂದು ಗೂಡು ಖಾಲಿಯಾದರೆ ಆ ಕ್ಷಣವೇ ಇನ್ನೊಂದರ ಎಳೆಯನ್ನು ಓಡುವ ನೂಲಿಗೆ ತಾಗಿಸಬೇಕು. ಚಕ್ರ ನಿಲ್ಲಿಸುವ ಹಾಗಿಲ್ಲ. ನಿಂತರೆ ನೂಲು ತುಂಡಾಗುತ್ತದೆ, ಮೇಸ್ತ್ರಿ ಬಾಯಿ ತೆರೆಯುತ್ತಾನೆ. ಹದಿನಾಲ್ಕು ವರ್ಷ ಇದನ್ನೇ ಮಾಡಿದವಳಿಗೆ ಇಟ್ಟಿಗೆ ಯಾವ ಲೆಕ್ಕ? ಮೂರನೇ ಸಂಜೆಗೆ ಹುಡುಗರು ತಮ್ಮ ಆಟ ಬಿಟ್ಟು ಅವಳ ಹಿಂದೆ ನಿಂತಿದ್ದರು.)

ಬೈಕ್ ರೇಸಿನ ಮೇಲೆ: "ಬಿದ್ದೋನು ಎದ್ದು ಧೂಳ್ ಕೂಡ ಒದರ್ಕಳಲ್ಲ. ಮನೇಲಿ ಯಾರೂ ಕೇಳಲ್ವಾ ಅವನ್ನ?" ಒಂದು ದಿನ ಅವಳನ್ನು ಕರೆದೊಯ್ಯಲು ಬಂದ ಓಬುಳೇಶ ತಾನೂ ಒಂದು ಸುತ್ತು ಹೊಡೆದು, "ಎದುರಿಗೆ ಒಂದು ಎಮ್ಮೆ ಬರಲ್ಲ, ಒಬ್ಬ ಪೊಲೀಸಪ್ಪ ಕೈ ಹಾಕಲ್ಲ, ಇದೆಂಥಾ ರೋಡು?" ಎಂದು ಎದ್ದುಬಿಟ್ಟ.

ಓಬುಳೇಶನ ಮೊಬೈಲಿನ ಹಾವಿನ ಆಟದ ಮೇಲೆ: "ತಿಂದಷ್ಟೂ ಉದ್ದ ಆಯ್ತೈತೆ, ಉದ್ದ ಆದಷ್ಟೂ ತನ್ ಬಾಲಕ್ಕೇ ಡಿಕ್ಕಿ ಹೊಡೀತೈತೆ. ನಮ್ ಶೆಡ್ಡಿನ ಯಜಮಾನನ್ನ ನೋಡ್ಕಂಡೇ ಮಾಡವ್ರೆ."

ಕ್ರಿಕೆಟಿನ ಮೇಲೆ: "ಹನ್ನೊಂದು ಜನ ನಿಂತವ್ರೆ. ನಾನ್ ಒತ್ತಿದ್ರೇನೇ ಒಬ್ಬ ಓಡ್ತಾನೆ, ಮಿಕ್ಕೋರು ನೋಡ್ತಾವ್ರೆ. ಇದನ್ನ ಆಡಕ್ಕೆ ಇಲ್ಲಿಗಂಟ ಬರ್ಬೇಕಿತ್ತಾ? ನಮ್ಮನೇಲೇ ನಡೀತೈತಲ್ಲ."

ಐದನೆಯದು ಇಬ್ಬರು ಸಿಪಾಯಿಗಳ ಆಟ. ಅದರ ಮೇಲೆ ಆಗ ಅವಳು ಹೇಳಿದ್ದು ಒಂದೇ ಮಾತು: "ಇದು ಪರವಾಗಿಲ್ಲ. ಇದ್ರಲ್ಲಿ ಮುಂದಕ್ಕೆ ಹೋಗೋದಾದ್ರೂ ಐತೆ."

(ಪಕ್ಕದ ಕೋಣೆಯಿಂದ ನನ್ನ ಮಗ ಕರೆಯುತ್ತಿದ್ದಾನೆ. ಈ ಪ್ಯಾರಾ ಮುಗಿಸಿ ಬರುತ್ತೇನೆ ಎಂದಿದ್ದೇನೆ. "ಹೋಗಕ್ಕ, ಹುಡುಗ ಕರೀತಾವ್ನೆ," ಎಂದಳು ಉಡುಸಲಮ್ಮ. ಪ್ಯಾರಾ ಆಮೇಲೂ ಇರುತ್ತೆ ಎಂದು ಅವಳ ವಾದ. ಅವಳು ಬರೆದು ನೋಡಿಲ್ಲ.)

೪

ಮೂರನೇ ಸ್ಟೇಜು ಜಲಪಾತ. ಅಲ್ಲಿಯವರೆಗೆ ಮುಂದಕ್ಕೆ ಓಡುವ ಆಟ, ಅಲ್ಲಿ ಮೇಲಕ್ಕೆ ಏರಬೇಕು. ಬಂಡೆಯಿಂದ ಬಂಡೆಗೆ ನೆಗೆಯಬೇಕು. ಸಿಪಾಯಿ ಏರಿದಂತೆ ಚಿತ್ರವೂ ಮೇಲಕ್ಕೆ ಸರಿಯುತ್ತದೆ, ಕೆಳಗಿನದು ಟೀವಿಯಿಂದ ಹೊರಗೆ ಹೋಗುತ್ತದೆ. ಉಡುಸಲಮ್ಮ ಒಂದು ವಾರ ಅಲ್ಲೇ ಸತ್ತಳು. ಮೇಲಿಂದ ಉರುಳಿ ಬರುವ ಕಲ್ಲಿಗೆ ಹೆದರಿ ನಿಂತುಬಿಡುತ್ತಿದ್ದಳು.

"ನಿಲ್ಬೇಡಕ್ಕ," ಎಂದ ಕದಿರಣ್ಣ. "ನಿಂತಾವಂಟೇ ಅಯಿಪೋಯಿಂದಿ, ಮುಗೀತು ಕತೆ. ಕಲ್ಲು ಬತ್ತೈತೋ ಬಿಡ್ತೈತೋ, ನೀನು ಏರ್ತಾ ಇರು."

ಇದು ಅವಳಿಗೆ ಗೊತ್ತಿದ್ದ ವಿದ್ಯೆ. ಅಂದಿನಿಂದ ಅವಳು ನಿಲ್ಲಲಿಲ್ಲ. ಸಿಪಾಯಿ ಬಂಡೆಗೆ ಕಾಲಿಡುವ ಮೊದಲೇ ಅವಳ ಹೆಬ್ಬೆರಳು ಮುಂದಿನ ಬಂಡೆಯಲ್ಲಿರುತ್ತಿತ್ತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಆರನೇ ಸ್ಟೇಜು ಮುಟ್ಟಿದಳು. ಹುಡುಗರು ಅವಳಿಗೆ ಆಂಟಿ ಅನ್ನುವುದನ್ನು ಬಿಟ್ಟು ಮೇಡಂ ಅನ್ನಲು ಶುರು ಮಾಡಿದರು. ಆದರೆ ಅವಳ ಪಕ್ಕದ ಸ್ಟೂಲಿನಲ್ಲಿ ಕೂತು ಎರಡನೇ ರಿಮೋಟು ಹಿಡಿಯುವಷ್ಟು ಧೈರ್ಯ ಒಬ್ಬನಿಗೂ ಬರಲಿಲ್ಲ. ಅವಳಿಗೂ ಅದು ಬೇಕು ಅನ್ನಿಸಲಿಲ್ಲ. ಆಟ ಬಂದರೆ ಸಾಕಲ್ಲ, ಪಕ್ಕದಲ್ಲಿ ಕೂರುವುದನ್ನು ಬೇರೆ ಕಲಿಯಬೇಕೇ?

ಕಥೆ ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಬಡ ತಾಯಿ, ಗೆದ್ದ ಬೆರಳು, ಬೆರಗಾದ ಹುಡುಗರು. ಇಂಥದ್ದಕ್ಕೆ ಪತ್ರಿಕೆಯವರು ಚಿತ್ರ ಬೇರೆ ಹಾಕಿಸುತ್ತಾರೆ. ನಿಮಗೂ ಒಳ್ಳೆಯದು, ನನಗೂ ಒಳ್ಳೆಯದು. ನಿಲ್ಲಿಸಲು ಬರುವುದಿಲ್ಲ.

೫

ದಸರಾ ರಜೆಗೆ ತ್ರಿವೇಣಿ ಬಂದಳು. ಒಂದು ಗೇಣು ಬೆಳೆದಿದ್ದಳು. ಚೀಲ ಇಳಿಸುವ ಮೊದಲು ಟೀವಿಯ ಕಡೆ ನೋಡಿದಳು. ರಿಪೇರಿಯಾದ ಗೇಮು, ಧೂಳು ಒರೆಸಿ, ಸಿಕ್ಕಿಸಿ ಇಟ್ಟಿತ್ತು.

ಊಟವಾದ ಮೇಲೆ ಚಾಪೆ ಹಾಸಿದರು. ಓಬುಳೇಶ ಗೋಡೆಗೊರಗಿ ಕೂತ. ತ್ರಿವೇಣಿ ಎರಡನೇ ರಿಮೋಟಿನ ಕವರನ್ನು ಹುಷಾರಾಗಿ ತೆಗೆದಳು. ಹೆಬ್ಬೆರಳು ಒತ್ತಿದ ಜಾಗದಲ್ಲಿ ಪ್ಲಾಸ್ಟಿಕ್ಕು ಬೆಳ್ಳಗಾಗಿತ್ತು. ಅದನ್ನು ಅಮ್ಮನ ಕಡೆ ಚಾಚಿದಳು.

"ನಂಗೆ ಒಂದನೇದು ಕೊಡಮ್ಮ. ಅಂಗಡೀಲಿ ಅದ್ರಲ್ಲೇ ಕಲ್ತಿರೋದು, ಕೈ ಕೂತೈತೆ."

ತ್ರಿವೇಣಿ ಒಂದು ಗಳಿಗೆ ನೋಡಿದಳು. ಕೊಟ್ಟಳು. ಕೆಂಪು ಸಿಪಾಯಿ ಅವಳ ಪಾಲಿಗೆ ಬಂದ.

ಕಾಡಿನ ಸ್ಟೇಜು ಹಬ್ಬದ ಹಾಗೆ ಹೋಯಿತು. ಬಲಕ್ಕೆ ಓಡುವ ಸ್ಟೇಜಿನಲ್ಲಿ ಹಿಂದಿನವನು ಬರುವ ತನಕ ಚಿತ್ರ ಮುಂದೆ ಸರಿಯುವುದಿಲ್ಲ. "ಅಮ್ಮಾ, ನೀನು ನಿಜವಾಗ್ಲೂ ಕಲ್ತುಬುಟ್ಟಿದ್ದೀಯ!" ಎಂದು ತ್ರಿವೇಣಿ ಕಿರುಚಿದಳು. "ನೋಡಪ್ಪಾ, ನೋಡು, ಸಿಪಾಯಿನ ಹೆಂಗೆ ಮಲಗಿಸ್ಕಂಡು ಹೊಡೀತಾಳೆ!"

"ನಮ್ಮೋಳು ಅಂದ್ರೆ ಏನಂದ್ಕಂಡಿದ್ದೀಯ?" ಎಂದ ಓಬುಳೇಶ.

ಕೋಟೆ ಬಿತ್ತು. ಜಲಪಾತ ಬಂತು.

ಉಡುಸಲಮ್ಮ ಏರಿದಳು. ಒಂದು ಬಂಡೆ, ಎರಡು, ನಾಲ್ಕು. ಚಿತ್ರ ಅವಳ ಜೊತೆ ಮೇಲಕ್ಕೆ ಹೋಯಿತು. ಕೆಳಗಿನ ಬಂಡೆಯ ಮೇಲೆ ನಿಂತಿದ್ದ ಕೆಂಪು ಸಿಪಾಯಿ ಟೀವಿಯ ಅಂಚಿನಿಂದ ಜಾರಿ ಸತ್ತ. ಯಾರೂ ಹೊಡೆಯಲಿಲ್ಲ. ಬಂಡೆಯೇ ಇಲ್ಲವಾಯಿತು.

"ಅಮ್ಮಾ, ನಿಲ್ಲು. ನೀನ್ ಏರಿದ್ರೆ ನಾನು ಸಾಯ್ತೀನಿ."

"ಹೂಂ ಕಣಮ್ಮ, ಇದೊಂದು ಬಂಡೆ. ಮೇಲೋಗಿ ನಿಂತ್ಕತೀನಿ."

ಎರಡನೇ ಜೀವ ಹೋಯಿತು.

"ಅಮ್ಮಾ!"

"ಕಲ್ಲು ಬತ್ತಾವೆ ಕಣೇ, ನಿಂತ್ರೆ ಅಯಿಪೋಯಿಂದಿ. ನೀನೂ ಬೇಗ ಬಾ!"

ಅವಳ ಕಣ್ಣು ಟೀವಿಯ ಮೇಲ್ಭಾಗದಲ್ಲಿತ್ತು. ಅಲ್ಲಿಂದಲೇ ಕಲ್ಲು ಬರುವುದು. ಮೂರನೇ ಜೀವ ಹೋದದ್ದು ಅವಳಿಗೆ ಕಾಣಲೇ ಇಲ್ಲ. ಈ ಆಟದಲ್ಲಿ ಒಬ್ಬರ ಜೀವ ಮುಗಿದರೆ ಜೊತೆಗಾರರಿಂದ ಒಂದನ್ನು ತೆಗೆದುಕೊಳ್ಳಬಹುದು. ತ್ರಿವೇಣಿ ಬಟನ್ ಒತ್ತಿ ಅಮ್ಮನದೊಂದು ತೆಗೆದುಕೊಂಡಳು. ಅದೂ ಅರ್ಧ ನಿಮಿಷಕ್ಕೆ ಅಂಚಿನಿಂದ ಜಾರಿತು. ಇನ್ನೊಂದು ಇತ್ತು. ಅವಳು ತೆಗೆದುಕೊಳ್ಳಲಿಲ್ಲ.

ಉಡುಸಲಮ್ಮ ತುದಿ ಮುಟ್ಟಿ, ಅಲ್ಲಿದ್ದ ರಾಕ್ಷಸನನ್ನು ಹೊಡೆದುರುಳಿಸಿ, "ಆಯ್ತು! ದಾಟಿದ್ವಿ!" ಎಂದು ತಿರುಗಿದಳು. ತ್ರಿವೇಣಿ ರಿಮೋಟಿನ ವೈರನ್ನು ಸುತ್ತಿ ಕವರಿನೊಳಗೆ ಹಾಕುತ್ತಿದ್ದಳು.

"ಯಾಕಮ್ಮ?"

"ನೀನಾಡು. ಚೆನ್ನಾಗಿ ಆಡ್ತೀಯ. ನಾನ್ ನೋಡ್ತೀನಿ."

ನೋಡಲೂ ಇಲ್ಲ. ಎದ್ದು ಹೋಗಿ ಪಾತ್ರೆ ತೊಳೆದಳು.

೫ (ಬದಲಿ)

ಅಂತ್ಯ ಒಂದು. ಜಲಪಾತದ ನಡುವೆ ಕರೆಂಟು ಹೋಗುತ್ತದೆ. ಕತ್ತಲಲ್ಲಿ ಇಬ್ಬರೂ ನಗುತ್ತಾರೆ. ತಪ್ಪು ಇಲಾಖೆಯದು, ಅಮ್ಮನದಲ್ಲ. ಬರೆಯಲು ಹತ್ತು ನಿಮಿಷ ಸಾಕು. ನಂಬಲು ಯಾರಿಗೂ ಕಷ್ಟವಿಲ್ಲ. ಆದರೆ ಅವತ್ತು ಕರೆಂಟು ಹೋಗಲಿಲ್ಲ. ಹೋಗಬೇಕಾದಾಗ ಹೋಗದ ಕರೆಂಟಿಗೆ ನಾನೇನು ಮಾಡಲಿ?

ಅಂತ್ಯ ಎರಡು. ಇದನ್ನು ಬರೆಸಿದ್ದು ಉಡುಸಲಮ್ಮ. "ಹಿಂಗೆ ಬರಿ ಅಕ್ಕ: ಅವ್ಳು 'ನಿಲ್ಲು' ಅಂದೇಟ್ಗೆ ನಾನು ನಿಂತ್ಬುಟ್ಟೆ. ಕಲ್ಲು ಬಂತು, ನನ್ ಸಿಪಾಯಿ ಸತ್ತ. ಸಾಯ್ಲಿ. ಅವ್ಳು ನನ್ ಪಕ್ಕಕ್ಕೆ ಬಂದ್ಲು. ಇಬ್ರೂ ಒಟ್ಟಿಗೆ ಏರಿದ್ವಿ."

ಬರೆದೆ. ಚೆನ್ನಾಗಿಯೇ ಬಂತು. ಓದಿ ಹೇಳಿದಾಗ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆದರೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ತ್ರಿವೇಣಿ ಅಂದಳು:

"ಇದು ನಡೀಲಿಲ್ಲ ಆಂಟಿ."

"ನಡೆದಿದ್ದರೆ ಚೆನ್ನಾಗಿರ್ತಿತ್ತು ಅಂತ…"

"ನಂಗೂ ಗೊತ್ತು ಚೆನ್ನಾಗಿರ್ತಿತ್ತು ಅಂತ. ಅದಕ್ಕೇ ಕಾಲಲ್ಲಿ ಒತ್ಕಂಡು ಆಡ್ತಿದ್ದೆ."

ಎರಡನೇ ಅಂತ್ಯವನ್ನು ಹರಿಯಲು ನನಗೆ ಅರ್ಧ ಗಂಟೆ ಹಿಡಿಯಿತು.

೭

(ಆರನೆಯ ಭಾಗ ಇಲ್ಲ. ಅದರಲ್ಲಿ ರಜೆಯ ಉಳಿದ ಒಂಬತ್ತು ದಿನಗಳಿದ್ದವು. ಏನೂ ಆಗಲಿಲ್ಲ. ಕೇಳಿದ್ದಕ್ಕೆಲ್ಲ ತ್ರಿವೇಣಿ "ಹೂಂ" ಅಂದಳು.)

ರಜೆ ಮುಗಿದಾಗ ಉಡುಸಲಮ್ಮ ತಾನೇ ಮಗಳನ್ನು ಕಲ್ಯಾಣದುರ್ಗಕ್ಕೆ ಬಿಡಲು ಹೋದಳು. ಬಸ್ಸಿನಲ್ಲಿ ತ್ರಿವೇಣಿ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು, ಅಥವಾ ಮಾಡಿದಂತೆ ಇದ್ದಳು. ಹಾಸ್ಟೆಲ್ಲಿನ ಗೇಟಿನ ಹತ್ತಿರ, ವಾಚ್‌ಮನ್ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆ, ಉಡುಸಲಮ್ಮ ಚೀಲ ಕೊಡದೆ ಹಿಡಿದುಕೊಂಡೇ ನಿಂತಳು.

"ಸಂಕ್ರಾಂತಿಗೆ ಬತ್ತೀಯಲ್ಲ, ಆವಾಗ ಆಡಾನ. ನಿಂತ್ಕಂಡು ಆಡ್ತೀನಿ. ನಿಲ್ಲೋದನ್ನೂ ಕಲೀತೀನಿ."

"ಎಲ್ಲಿ ಕಲೀತೀಯ?"

"ಕದಿರಣ್ಣನ ಅಂಗಡೀಲಿ."

"ಒಬ್ಳೇನಾ?"

ಉಡುಸಲಮ್ಮ ಬಾಯಿ ತೆರೆದಳು. ಅವಳು ಏನು ಹೇಳಿದಳೆಂದು ನಾಲ್ಕು ರೀತಿ ಬರೆದು ನೋಡಿದೆ. ನಾಲ್ಕನ್ನೂ ಅವಳೇ ಹೊಡೆದು ಹಾಕಿಸಿದಳು. "ಏನೂ ಹೇಳ್ಲಿಲ್ಲ ಅಂತ ಬರಿ. ನೀನೂ ಸುಮ್ನಿರೋದ ಕಲ್ತ್ಕ."

ತ್ರಿವೇಣಿ ಚೀಲ ಇಸಿದುಕೊಂಡಳು. "ನನ್ ಫ್ರೆಂಡ್ಸು ಕೇಳ್ತಾರೆ, ನಿಮ್ಮಮ್ಮ ಆಡಿದ್ಲಾ ಅಂತ," ಅಂದಳು. "ಆಡಿದ್ಲು ಅಂತೀನಿ ಬಿಡು. ಸುಳ್ಳೇನಲ್ವಲ್ಲ."

ಸಂಕ್ರಾಂತಿಗೆ ಅವಳು ಬರಲಿಲ್ಲ. ಪಬ್ಲಿಕ್ ಪರೀಕ್ಷೆ, ಸ್ಪೆಷಲ್ ಕ್ಲಾಸು ಎಂದಳು. ಬೇಸಿಗೆಯಲ್ಲಿ ಬಂದಳು. ಗೇಮಿನ ಮಾತು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

೮

"ಐದನೇ ಆಟದ ಬಗ್ಗೆ ನಿಮ್ಮ ಅಭಿಪ್ರಾಯ ಪೂರ್ತಿ ಹೇಳಲಿಲ್ಲ," ಎಂದು ಕೇಳಿದೆ.

ಉಡುಸಲಮ್ಮ ಅಂದಳು: "ಮಾಡ್ದೋನು ಭಾಳ ಬುದ್ಧಿವಂತ. ಯಾರ್ಗೂ ಗುಂಡು ಹೊಡೀದೇನೇ, ಬರೀ ಮೇಲಕ್ಕೆ ಹೋಗ್ಬುಟ್ರೇನೇ ಜೊತೇಲಿರೋರು ಸಾಯ್ತಾರೆ ಅಂತ ಅವನ್ಗೆ ಗೊತ್ತಿತ್ತು. ಅದನ್ನ ಡಬ್ಬದ ಮೇಲೆ ಬರೀಬೇಕಾಗಿತ್ತು ಅವನು."

"ಮತ್ತೆ ಆಡಿದಿರಾ?"

"ಒಂದು ಸಲ."

ಯುಗಾದಿ ಕಳೆದ ಒಂದು ಭಾನುವಾರ ಮನೆಯಲ್ಲಿ ಯಾರೂ ಇರಲಿಲ್ಲ. ಗೇಮು ಹಾಕಿದಳು. ಒಬ್ಬರೋ ಇಬ್ಬರೋ ಎಂದು ಟೀವಿ ಕೇಳಿತು. ಇಬ್ಬರು ಎಂದು ಒತ್ತಿದಳು. ಕೆಂಪು ಸಿಪಾಯಿ ಕಾಡಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಮೂರು ಸಲ ಗುಂಡು ತಿಂದು ಹೋದ. ಕಾಲಿನ ಹೆಬ್ಬೆರಳಿಂದ ಒತ್ತಿ ನೋಡಿದಳಂತೆ. ಅವಳ ಕೈಗೆ ಇರುವ ಚುರುಕು ಕಾಲಿಗೆ ಇರಲಿಲ್ಲ.

ಅವಳು ಮುಂದೆ ಹೋದಳು. ಜಲಪಾತ, ಹಿಮ, ಬೆಂಕಿಯ ಕೋಣೆ, ಎಂಟನೇ ಸ್ಟೇಜಿನ ದೊಡ್ಡ ಗುಂಡಿಗೆಯಂಥ ರಾಕ್ಷಸ. ಅದೂ ಸತ್ತಿತು. ಒಂದು ಹೆಲಿಕಾಪ್ಟರ್ ಬಂದು ನೀಲಿ ಸಿಪಾಯಿಯನ್ನು ಎತ್ತಿಕೊಂಡು ಹೋಯಿತು. ಇಂಗ್ಲಿಷಿನಲ್ಲಿ ಯಾರುಯಾರದೋ ಹೆಸರು ಬಂದವು. ಅಷ್ಟಾದ ಮೇಲೆ, ಏನೂ ಆಗಿಲ್ಲವೆಂಬಂತೆ, ಆಟ ಮತ್ತೆ ಮೊದಲನೇ ಸ್ಟೇಜಿನಿಂದ ಶುರುವಾಯಿತು.

(ಪಕ್ಕದ ಕೋಣೆಯ ಕರೆ ನಿಂತು ತುಂಬಾ ಹೊತ್ತಾಯಿತು. ಪ್ಯಾರಾ ಮುಗಿದಿತ್ತು. ಆಮೇಲೆ ಇನ್ನೊಂದು ಬಂತು.)

ಇಲ್ಲಿಗೆ ಕಥೆ ಮುಗಿಯಿತು ಎಂದು ನಾನು ಬರೆಯುವುದಿಲ್ಲ. ತ್ರಿವೇಣಿಗೆ ಇನ್ನೂ ಹದಿಮೂರು, ಉಡುಸಲಮ್ಮ ನಾಳೆ ಎಂಟಕ್ಕೆ ಶೆಡ್ಡಿನಲ್ಲಿರಬೇಕು, ಎರಡನೇ ರಿಮೋಟು ಕವರಿನಲ್ಲಿದೆ, ಕವರು ಬೀರುವಿನ ಮೇಲಿದೆ. ಮುಂದಿನದನ್ನು ನನ್ನನ್ನು ಕೇಳಬೇಡಿ. ಮೊದಲಿನ ಮಾತಿನ ಬಗ್ಗೆ ಮಾತ್ರ ಹೇಳಬಲ್ಲೆ.

ಉಡುಸಲಮ್ಮ ಕಲಿತಳು. ಕೊನೇಗಂಟ ಆಡಿದಳು. ಮಗಳ ಜೊತೆ ಆಡಲಿಲ್ಲ. ಕೊಟ್ಟ ಮಾತು ಉಳಿಯಲಿಲ್ಲ.